ನರ್ಸಮ್ಮನ ಕೈ

ನಮ್ಮ ಮಾಗಡಿ ಸೀಮೆಯಲ್ಲಿ ಮರೆತುಹೋದವರ ಜೀವನಚರಿತ್ರೆ ಬರೆಯುತ್ತಿರುವ ಮೇಷ್ಟ್ರೊಬ್ಬರು ಈ ಬೆಳಿಗ್ಗೆ ಮನೆಗೆ ಬಂದಿದ್ದರು. ಊರೂರು ನಡೆದು ಸಿಡುಬಿನ ಲಸಿಕೆ ಹಾಕುತ್ತಿದ್ದ ನರ್ಸಮ್ಮನ ಒಂದು ಫೋಟೊ ಕೂಡ ಸಿಕ್ಕಿಲ್ಲವಂತೆ. "ನೋಡೋಕೆ ಹೇಗಿದ್ರು?" ಎಂದು ಕೇಳಿದರು. ನನ್ನ ಮೂಗಿಗೆ ಹಳೇ ರಾಗಿಯ ದೂಳು ಬಡಿಯಿತು.

ಚುಚ್ಚಿಸಿಕೊಂಡರೆ ಮಾರಮ್ಮ ಮುನಿಯುತ್ತಾಳೆಂದು ನಂಬಿದ್ದ ನಮ್ಮಜ್ಜಿ, ನರ್ಸಮ್ಮ ನಮ್ಮೂರಿಗೆ ಬಂದ ದಿನ, ಪುಟ್ಟ ಮಗುವಾಗಿದ್ದ ನನ್ನನ್ನು ಎತ್ತಿ, ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿಸಿ, ಮೇಲೆ ಮೊರ ಮುಚ್ಚಿದಳು. "ಉಸ್ರೆತ್ತೀಯೆ, ಜ್ವಾಕೆ!"

ಒಳಗೆ ಕತ್ತಲು. ಹೊರಗೆ ನಾಯಿಗಳು ಬೊಗಳುತ್ತಿದ್ದವು. ಯಾರೋ ನರ್ಸಮ್ಮನ ಮೇಲೆ ಕಲ್ಲು ಬೀರಿ, "ಓಗಮ್ಮೋ ಆಚೆಗೆ!" ಎಂದು ಅರಚಿದರು. ಆದರೂ ನರ್ಸಮ್ಮ ನಮ್ಮ ಮನೆಯೊಳಗೇ ಬಂದರು.

"ನಮ್ಮನೇಲಿ ಮಕ್ಳೇ ಇಲ್ಲ ಕಣವ್ವ," ಅಂದಳು ಅಜ್ಜಿ.

ಆದರೆ ನಡುಕಕ್ಕೆ ನನ್ನ ಕಾಲ್ಗೆಜ್ಜೆ ಗಲಗಲ ಎಂದುಬಿಟ್ಟಿತು. ಮೊರ ಸರಿಯಿತು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

"ಈಚೆಗೆ ಬರಬ್ಯಾಡ ಕಣ್ ಮಗ. ಒಂದ್ ಕೈ ಮೇಲಕ್ಕೆತ್ತು, ಸಾಕು," ಎಂದರು ನರ್ಸಮ್ಮ.

ಭಯಕ್ಕೇ ಎತ್ತಿದೆ. ಅಜ್ಜಿ ಅಡ್ಡ ಬರುವಷ್ಟರಲ್ಲಿ ತಣ್ಣನೆಯ ಬೆರಳುಗಳು ಹಿಡಿದು ಚುಚ್ಚಿದ್ದವು.

ಮೇಷ್ಟ್ರು ಪೆನ್ನು ಹಿಡಿದು ಕಾಯುತ್ತಿದ್ದರು.

"ಮುಖ ನಾನು ನೋಡ್ಲಿಲ್ಲ ಸಾರ್," ಎಂದೆ. "ಆದ್ರೆ ಅವ್ರ ಕೈ ನನ್ ಕೈಗಿಂತ ಜಾಸ್ತಿ ನಡುಗ್ತಿತ್ತು. ಅದನ್ನ ಬರ್ಕೊಳಿ."