ಬಿಟ್ಟಿ ಆಡಿದವನ ಮಾತು

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹುಡುಗನಾಗಿದ್ದಾಗ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಸಿಂಧನೂರಿನ ವಿಡಿಯೊ ಗೇಮ್ ಅಂಗಡಿಯಲ್ಲಿ ಹೊಸ ಆಟ ಹೊಗಳುವುದೇ ನನ್ನ ಕೆಲಸವಾಗಿತ್ತು. ಅದಕ್ಕೆ ಮಾಲೀಕ ನನ್ನನ್ನು ಬಿಟ್ಟಿ ಆಡಿಸುತ್ತಿದ್ದ, ಸೋತರೆ ಮತ್ತೆ ಚಾಲೂ ಮಾಡುತ್ತಿದ್ದ. ನಾನು ಸುಳ್ಳು ಹೇಳಲಿಲ್ಲ, ಮೆಚ್ಚಿಯೇ ಹೊಗಳುತ್ತಿದ್ದೆ.

ನನ್ನ ಮಾತು ನಂಬಿ ಜವಳಗೇರಾದ ಗೆಳೆಯ ಬಸ್ಯಾ ಬಸ್ಸಿನ ರೊಕ್ಕವನ್ನೇ ಮಷೀನಿಗೆ ಹಾಕಿದ. ಸವೆದ ಗುಂಡಿ ಒತ್ತುವಷ್ಟರಲ್ಲಿ ಆಟ ಮುಗಿಯಿತು.

"ಲೇ, ಭಾರೀ ಐತಿ ಅಂದಿದ್ದಿ ಅಲ್ಲಾ?"

"ಖರೇನ ಭಾರೀ ಐತಿ!"

"ನಿನಗೇನಲೇ, ಬಿಟ್ಟಿ ಆಡಿದಿ. ನಾ ಈಗ ಊರಿಗೆ ನಡಕೊಂತ ಹೋಗಬೇಕು."

ಇವತ್ತು ಅಕ್ಕನ ಮಗ ಮೊಬೈಲಿನಲ್ಲಿ ಆಟವೊಂದನ್ನು ಹೊಗಳುವವನನ್ನು ತೋರಿಸಿ, "ಮಾಮಾ, ಇಂವನ್ನ ನಂಬಲೇನು?" ಎಂದ.

"ಅಂವ ರೊಕ್ಕ ಕೊಟ್ಟು ಆಡ್ಯಾನೇನು? ಮೊದಲು ಅದನ್ನ ಕೇಳು!" ಎಂದು ಸುಮ್ಮನೆ ಅವನ ಮೇಲೆ ರೇಗಿದೆ.

ನಾಳೆ ರಾಯಚೂರು ಬಸ್ಸಿಗೆ ಹೊರಡುತ್ತೇನೆ. ದಾರಿಯಲ್ಲಿ ಬಸ್ಯಾನ ಊರು ಜವಳಗೇರಾ ಬರುತ್ತದೆ.