ಹೊರಗಿನಿಂದ ಬೀಗ ಹಾಕಿದ ಐದು ಗಂಟೆ

ಸೂರತ್ತಿನಲ್ಲಿ ನಾವಿದ್ದ ಫ್ಲ್ಯಾಟಿನ ಬಾಗಿಲಿಗೆ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಒಳಗೆ ನಾನು ಮತ್ತು ನನ್ನ ತಂಗಿ. ನನಗೆ ಹತ್ತು ವರ್ಷ, ಅವಳಿಗೆ ಐದು. ಆರು ಗಂಟೆಗೆ ಅವ್ವ ಬಂದು ಬೀಗ ತೆಗೆಯುವವರೆಗೆ ಎರಡು ಕೋಣೆ, ಒಂದು ಅಡುಗೆಮನೆ ಬಿಟ್ಟರೆ ನಮಗೆ ಬೇರೆ ಜಾಗವಿರಲಿಲ್ಲ. ಗ್ಯಾಲರಿಯ ಬಾಗಿಲಿಗೂ ಮೇಲಿನ ಚಿಲಕ. ಅಷ್ಟು ಹೊತ್ತನ್ನೂ ನಾನು ಐದು ಗಂಟೆಗಾಗಿ ಸಹಿಸಿಕೊಳ್ಳುತ್ತಿದ್ದೆ. ಐದಕ್ಕೆ ಟೀವಿಯಲ್ಲಿ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು.

ಊರಿನ ಕೇಬಲ್‌ನವರೇ ಯಾವುದೋ ಕಟ್ಟಡದ ಮಹಡಿಯಲ್ಲಿ ಸಣ್ಣ ಸ್ಟುಡಿಯೋ ಮಾಡಿಕೊಂಡು ನಡೆಸುತ್ತಿದ್ದದ್ದು ಅದು. ಅದಕ್ಕೆ ದೊಡ್ಡದೊಂದು ಹೆಸರಿತ್ತು, ಮಕ್ಕಳು ಯಾರೂ ಆ ಹೆಸರು ಹೇಳುತ್ತಿರಲಿಲ್ಲ. 'ಪಾಂಚ್ ವಾಗ್ಯಾನುಂ', ಅಂದರೆ 'ಐದು ಗಂಟೆಯದು' ಎಂದರೆ ಸಾಕು. ಹಳದಿ ಕೋಟು ತೊಟ್ಟ ಡೊಳ್ಳುಹೊಟ್ಟೆಯ ಒಬ್ಬ ಕಾಕಾ ಅದನ್ನು ನಡೆಸಿಕೊಡುತ್ತಿದ್ದರು. ಪಕ್ಕದಲ್ಲಿ ಕೈಗೆ ಬಟ್ಟೆಯ ಗಿಳಿ ಹಾಕಿಕೊಂಡ ಒಬ್ಬ ದೀದಿ. ಗಿಳಿಯ ಬಾಯಿ ಬಲು ಜೋರು, ಕಾಕಾನ ಹೊಟ್ಟೆಯನ್ನು ದಿನಾ ಆಡಿಕೊಳ್ಳುತ್ತಿತ್ತು. ಕಾಕಾ ಜಾದೂ ಮಾಡುತ್ತಿದ್ದರು. ಕರವಸ್ತ್ರದಿಂದ ಬರಬೇಕಾದ ಚೆಂಡು ಮೊದಲೇ ತೋಳಿನಲ್ಲಿ ಉಬ್ಬಿಕೊಂಡು ಕಾಣುತ್ತಿತ್ತು. ಕಂಡರೂ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು, ಸದ್ದಾಗದಂತೆ, ಎರಡೇ ಬೆರಳಿನಲ್ಲಿ. ಆಮೇಲೆ ಯಾವುದಾದರೂ ಶಾಲೆಯ ಮಕ್ಕಳು ಬಂದು ಕುಣಿಯುತ್ತಿದ್ದರು, ನಗೆಹನಿ ಹೇಳಿ ತಾವೇ ಮೊದಲು ನಗುತ್ತಿದ್ದರು. ಹಿಂದಿನ ಪರದೆಯ ಮೇಲೆ ಬರೆದ ಬೆಟ್ಟ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಅದೆಲ್ಲ ಎಷ್ಟು ಕಳಪೆಯಾಗಿತ್ತೆಂದು ಈಗ ತಿಳಿಯುತ್ತದೆ. ಆಗ ಅದಕ್ಕಿಂತ ಒಳ್ಳೆಯದು ಲೋಕದಲ್ಲಿ ಇನ್ನೊಂದು ಇದೆಯೆಂದು ಯಾರಾದರೂ ಹೇಳಿದ್ದರೆ ಜಗಳಕ್ಕೇ ಬೀಳುತ್ತಿದ್ದೆ.

ಸದ್ದಾಗದಂತೆ ಎಂದೆನಲ್ಲ, ಅದಕ್ಕೆ ಕಾರಣವಿತ್ತು. ಅವ್ವ ಧಾರವಾಡದಲ್ಲಿ ಬಿ.ಎಡ್. ಮುಗಿಸಿದವಳು. ಮದುವೆಯಾಗಿ ಹನ್ನೊಂದು ವರ್ಷ ಆ ಸರ್ಟಿಫಿಕೇಟು ಟ್ರಂಕಿನಲ್ಲೇ ಇತ್ತು. ಅಪ್ಪ ಪಾಂಡೇಸರಾ ಎಂಬಲ್ಲಿದ್ದ ಒಂದು ಡೈಯಿಂಗ್ ಮಿಲ್ಲಿನ ಲ್ಯಾಬಿನಲ್ಲಿ ಬಣ್ಣ ಹೊಂದಿಸುವ ಕೆಲಸದಲ್ಲಿದ್ದರು, ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳರ ಮೇಲೆ. ಆ ವರ್ಷ ಅವ್ವನಿಗೆ ಒಂದು ಸಣ್ಣ ಇಂಗ್ಲಿಷ್ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು, ಮಧ್ಯಾಹ್ನದ ಪಾಳಿ. ನಮ್ಮ ಶಾಲೆ ಬೆಳಗಿನ ಪಾಳಿ. ನಾವು ಬರುವ ಹೊತ್ತಿಗೆ ಅವಳು ಹೊರಡಬೇಕು.

ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ಎದುರುಮನೆಯ ಗುಜರಾತಿ ಮಾಸಿ ನಮ್ಮನ್ನು ನೋಡಿಕೊಳ್ಳಬೇಕು, ಮಕ್ಕಳಿಗೆ ತೊಂದರೆಯಾಯಿತೆಂದು ಒಂದು ಮಾತು ಕಿವಿಗೆ ಬಿದ್ದರೂ ಅವತ್ತೇ ಕೆಲಸ ಬಂದ್. ಅದು ಅವರ ಷರತ್ತು. ಮಾಸಿ ಒಂದು ತಿಂಗಳು ಚೆನ್ನಾಗಿಯೇ ನೋಡಿಕೊಂಡರು. ಆಮೇಲೆ ಮಗಳ ಬಾಣಂತನಕ್ಕೆಂದು ಅಹಮದಾಬಾದಿಗೆ ಹೋದವರು ಬೇಗ ಬರುವಂತಿರಲಿಲ್ಲ. ಅವ್ವ ಇದನ್ನು ಅಪ್ಪನಿಗೆ ಹೇಳಲಿಲ್ಲ. ಒಂದು ಬೀಗ ತಂದಳು.

"ಯಾರರ ಬೆಲ್ ಬಾರಿಸಿದ್ರ ಉಸುರು ಸುದ್ದಾ ಬಿಡಬ್ಯಾಡ್ರಿ," ಎಂದು ಮೊದಲ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು. "ಕೀಲಿ ಕಂಡ್ರ ಮನ್ಯಾಗ ಯಾರೂ ಇಲ್ಲಂತ ಹೋಗ್ತಾರ. ಅಪ್ಪಾಗ ಹೇಳಬ್ಯಾಡ್ರಿ. ಮಾಸಿ ಬರೂತನಕ ಅಷ್ಟ."

ಹಾಗೆ ನಾವು ಮನೆಯೊಳಗಿದ್ದೂ ಇಲ್ಲದವರಾದೆವು. ಟೀವಿಯ ದನಿ ಮೂರು ಗೆರೆಗಿಂತ ಮೇಲೆ ಹೋಗಬಾರದು. ಕುರ್ಚಿ ಎಳೆಯಬಾರದು, ಎತ್ತಿಡಬೇಕು. ಕೊರಿಯರ್‌ನವನೋ ಸೇಲ್ಸಿನವಳೋ ಬೆಲ್ ಒತ್ತಿದರೆ ಇದ್ದಲ್ಲೇ ನಿಲ್ಲಬೇಕು. ಒಮ್ಮೆ ತಂಗಿಗೆ ಬಿಕ್ಕಳಿಕೆ ಶುರುವಾಗಿ, ಹೊರಗಿನವರ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ಅವಳ ಬಾಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದೆ. ಆಮೇಲೆ ಅವಳು ಅತ್ತಳು, ಅದನ್ನೂ ಸದ್ದಿಲ್ಲದೆ. ಐದು ವರ್ಷದ ಹುಡುಗಿಗೆ ಸದ್ದಿಲ್ಲದೆ ಅಳುವುದು ರೂಢಿಯಾಗಿತ್ತು.

ಅವ್ವ ಮಾತ್ರ ಬೇರೆಯೇ ಆಗಿಬಿಟ್ಟಿದ್ದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೂದಲಿಗೆ ಬಿಗಿಯಾದ ಗಂಟು. ಸಂಜೆ ಬಂದಾಗ ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ ಇರುತ್ತಿತ್ತು, ಅವಳು ಅದನ್ನು ಝಾಡಿಸುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಾ ಕ್ಲಾಸಿನ ಮಕ್ಕಳ ತಂಟೆಯೆಲ್ಲ ಹೇಳುತ್ತಿದ್ದಳು. ಯಾರೋ ಹುಡುಗ ಹೃದಯದ ಚಿತ್ರ ಬರೆಯೆಂದರೆ ಮಾವಿನಕಾಯಿ ಬರೆದಿದ್ದನಂತೆ. ಹಾಗೆ ನಗುವ ಅವ್ವನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಾರ್ಯಕ್ರಮದಲ್ಲಿ ಗುರುವಾರ ಗುರುವಾರ ಫೋನಿನ ಆಟ ಇರುತ್ತಿತ್ತು. ಮಕ್ಕಳು ತಮ್ಮ ಹೆಸರು, ಫೋನ್ ನಂಬರು ಬರೆದು ಪೋಸ್ಟ್‌ಕಾರ್ಡ್ ಹಾಕಬೇಕು. ಗಿಳಿ ಪ್ಲಾಸ್ಟಿಕ್ ಟಬ್ಬಿನಿಂದ ಕಾರ್ಡು ಎತ್ತುತ್ತದೆ. ಎತ್ತಿದ ಕಾರ್ಡಿನವರಿಗೆ ಮುಂದಿನ ಗುರುವಾರ ಕಾಕಾ ಫೋನ್ ಮಾಡುತ್ತಾರೆ, ನೇರ ಪ್ರಸಾರದಲ್ಲಿ ಹಾಡಬಹುದು. ನಾನು ಏಳು ಕಾರ್ಡು ಹಾಕಿದ್ದೆ. ನವರಾತ್ರಿಗೆ ಇನ್ನೂ ಮೂರು ವಾರವಿದೆ ಎನ್ನುವಾಗ ನನ್ನದೊಂದು ಕಾರ್ಡು ಗಿಳಿಯ ಬಾಯಿಗೆ ಬಂತು. ನಾನೂ ತಂಗಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಾಸಿಗೆಯ ಮೇಲೆ ಕುಣಿದೆವು. ಹಾಸಿಗೆಯ ಮೇಲಾದರೆ ಕೆಳಗಿನ ಮನೆಗೆ ಕೇಳುವುದಿಲ್ಲ.

ಅವ್ವನಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತನ್ನ ಅವ್ವನಿಂದ ಕಲಿತ ತೊಟ್ಟಿಲ ಹಾಡೊಂದನ್ನು ನನಗೆ ಹೇಳಿಕೊಟ್ಟಳು. ನನ್ನ ಕನ್ನಡ ಅಷ್ಟಕ್ಕಷ್ಟೆ, ಬಾಯಲ್ಲಿ ಹಿಂದಿ ಗುಜರಾತಿಯೇ ಮೊದಲು ಬರುತ್ತಿದ್ದದ್ದು. ವಾರಪೂರ್ತಿ ಸಾಲುಸಾಲಾಗಿ ತಿದ್ದಿದಳು. "ನಮ್ಮ ಭಾಷಾದಾಗ ಹಾಡ್ತಾಳಂತ ಟೀಚರ್ಸ್‌ಗೆಲ್ಲಾ ಹೇಳೀನಿ," ಎಂದಳು. "ಶಾಲಿ ಬಿಟ್ಟಮ್ಯಾಲೆ ಪ್ರಿನ್ಸಿಪಾಲ್ ರೂಮಿನ ಟೀವಿಯೊಳಗ ಎಲ್ಲಾರೂ ಕೂಡಿ ನೋಡತೀವಿ. ಹೆಸರು ಹೇಳು, ಹಾಡು, ಥ್ಯಾಂಕ್ಯೂ ಅನ್ನು, ಫೋನ್ ಇಡು. ಬ್ಯಾರೆ ಏನೂ ಮಾತಾಡಬ್ಯಾಡ."

ಆ ವಾರವೇ ನಮ್ಮ ಕಂಪೌಂಡಿನಲ್ಲಿ ಗರ್ಬಾ ಕುಣಿತ ಕಲಿಸಲು ಶುರುಮಾಡಿದರು. ದಿನಾ ನಾಲ್ಕೂವರೆಗೆ ಸೊಸೈಟಿಯ ಫ್ಲ್ಯಾಟುಗಳ ಹುಡುಗಿಯರೆಲ್ಲ ಕೆಳಗೆ ಸೇರುತ್ತಿದ್ದರು. ಕಿಟಕಿಯ ಪರದೆಯಂಚಿನಲ್ಲಿ ಒಂದು ಕಣ್ಣಿಟ್ಟು ನಾನು ನೋಡುತ್ತಿದ್ದೆ. ಚಪ್ಪಾಳೆ, ಎರಡು ಹೆಜ್ಜೆ ಮುಂದೆ, ಒಂದು ಸುತ್ತು. ಅದೆಲ್ಲವನ್ನೂ ಒಳಗೆ ಬಂದು ಬರಿಗಾಲಿನ ತುದಿಯಲ್ಲಿ ಮಾಡಿ ನೋಡುತ್ತಿದ್ದೆ. ಒಂದು ದಿನ ನನ್ನ ಕ್ಲಾಸಿನವಳೊಬ್ಬಳು ತಲೆಯೆತ್ತಿ ನಮ್ಮ ಕಿಟಕಿಯ ಕಡೆ ಕೈ ತೋರಿಸಿದಳು. ನಾನು ಧಡಕ್ಕನೆ ಕೆಳಗೆ ಕೂತೆ. ಕಳ್ಳತನ ಮಾಡಿದವರ ಹಾಗೆ ನೆಲದ ಮೇಲೆ ಕೂತು, ಸಿಟ್ಟಿನಿಂದ ಪರದೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ.

ಗುರುವಾರ ಐದೂ ಹತ್ತಕ್ಕೆ ಫೋನು ಬಂತು. ಕಾಕಾನ ದನಿ ಕಿವಿಯಲ್ಲೂ ಟೀವಿಯಲ್ಲೂ ಒಟ್ಟಿಗೇ ಕೇಳಿ ನನಗೆ ತಲೆ ತಿರುಗಿತು. ಟೀವಿಯ ದನಿ ತಗ್ಗಿಸು ಎಂದರು. ಅದು ತಗ್ಗಿಯೇ ಇತ್ತು. ಹೆಸರು ಕೇಳಿದರು, ಹೇಳಿದೆ. ಕನ್ನಡದ ಹಾಡು ಎಂದಾಗ ಗಿಳಿ "ಅರೆ ವಾಹ್" ಎಂದಿತು. "ಬೇಟಾ, ಪಹೇಲಾಂ ಮಮ್ಮೀನೇ ಬೋಲಾವೋ ನೇ," ಎಂದರು ಕಾಕಾ. ಮೊದಲು ಮಮ್ಮಿಯನ್ನು ಕರಿ, ಅವರಿಗೂ ಒಂದು ನಮಸ್ಕಾರ ಹೇಳೋಣ ಎಂದು.

ನಾನು ಗುಜರಾತಿಯಲ್ಲಿ ಸ್ಪಷ್ಟವಾಗಿ ಹೇಳಿದೆ: "ಮಮ್ಮಿ ಇಲ್ಲ. ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಾರೆ. ದಿನಾ ಹೋಗುತ್ತಾರೆ. ನಾನೂ ತಂಗಿಯೂ ಒಳಗಿದ್ದೇವೆ. ಸದ್ದು ಮಾಡಬಾರದು."

ಟೀವಿಯಲ್ಲಿ ಕಾಕಾನ ಬಾಯಿ ತೆರೆದೇ ಇತ್ತು. ಗಿಳಿಯ ತಲೆ ದೀದಿಯ ಕಡೆಗೆ ತಿರುಗಿತು. ಆಮೇಲೆ ಕಾಕಾ ದೊಡ್ಡದಾಗಿ ನಕ್ಕು, "ಸರಿ, ಹಾಡು ಬೇಟಾ," ಎಂದರು. ನಾನು ಹಾಡಿದೆ, ಒಂದು ಅಕ್ಷರವೂ ತಪ್ಪದೆ.

ಫೋನಿಟ್ಟು ಹತ್ತು ನಿಮಿಷವಾಗಿರಲಿಕ್ಕಿಲ್ಲ, ಬೆಲ್ ಆಯಿತು. ಮತ್ತೆ ಆಯಿತು. ಸೊಸೈಟಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಬಾಗಿಲ ಮುಂದೆ ಸೇರಿದ್ದರು. ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಹೆದರಬೇಡ ಎನ್ನುತ್ತಿದ್ದರು, ಬೀಗ ಒಡೆಯೋಣವೇ ಎಂದು ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ಇಡೀ ಊರಿಗೆ ನಾನೇ ಸಾರಿ ಹೇಳಿದ ಮೇಲೂ ನಾನೂ ತಂಗಿಯೂ ಬಾಗಿಲ ಈಚೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಬೆಲ್ ಆದರೆ ಉಸಿರು ಬಿಡಬಾರದು, ಕಲಿತದ್ದೇ ಅದು.

ಹೊರಗಿನ ಮಾತು ಒಮ್ಮೆಲೇ ನಿಂತಿತು. ಅವ್ವ ಮೆಟ್ಟಿಲು ಹತ್ತಿ ಬಂದಿದ್ದಳು. ಕೀಲಿಕೈ ಬೀಗಕ್ಕೆ ತಾಗಿ ಜಾರುವ ಸದ್ದು ನಾಲ್ಕೈದು ಸಲ ಕೇಳಿತು. ಕೊನೆಗೆ ಯಾರೋ "ಲಾವೋ ಬೆನ್," ಎಂದು ಅವಳ ಕೈಯಿಂದ ಕೀಲಿಕೈ ಇಸಿದುಕೊಂಡು ತೆಗೆದರು. ಅವ್ವ ಒಳಗೆ ಬಂದವಳು ಬೈಯಲಿಲ್ಲ, ಹೊಡೆಯಲಿಲ್ಲ. ತಂಗಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಹಾಲು ಕಾಯಿಸಲು ಇಟ್ಟಳು. ಹೆಂಗಸರು ನಡುಮನೆಯವರೆಗೂ ಬಂದು, ಫ್ಯಾನು, ಟೀವಿ, ಹರಿದ ಪರದೆ ಎಲ್ಲ ನೋಡಿಕೊಂಡು, ಒಂದೊಂದು ಬುದ್ಧಿಮಾತು ಹೇಳಿ ಹೋದರು.

ಅಪ್ಪನಿಗೆ ಮಿಲ್ಲಿನ ಕ್ಯಾಂಟೀನಿನಲ್ಲೇ ಸುದ್ದಿ ಮುಟ್ಟಿತ್ತು.

"ಮಾಸಿ ಮನ್ಯಾಗ ಬಿಡ್ತೀನಿ ಅಂದಿದ್ದಿ," ಎಂದರು.

"ಮಾಸಿ ಹೋಗಿ ಎರಡು ತಿಂಗಳಾತು."

"ಕಳ್ಳರು ಕೇಳಿದ್ರ ಏನು ಗತಿ? ಬೆಂಕಿ ಬಿದ್ದಿದ್ರ?"

"ಸಾಕಿನ್ನ," ಎಂದು ಅಪ್ಪ ಕಾಲು ತೊಳೆಯಲು ಹೋದರು. ಮರುದಿನ ಅವ್ವ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ: ಪಾಪ, ಮಗು, ಬಾಯಿ ತಪ್ಪಿ ಅಂದುಬಿಟ್ಟಿತು. ನಾನು ಆ ಮಾತಿನ ಹಿಂದೆ ಅಡಗಿಕೊಂಡೆ. ಬಾಯಿ ತಪ್ಪಿರಲಿಲ್ಲ. ಅಪ್ಪನ ಷರತ್ತು ನನಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಗಿಳಿ ನನ್ನ ಕಾರ್ಡು ಎತ್ತಿದ ದಿನ ಅಂಥ ಯೋಚನೆ ಇರಲಿಲ್ಲ, ದೇವರಾಣೆ. ಅದು ಬಂದದ್ದು ಪರದೆ ಹರಿದ ದಿನ. ಅಲ್ಲಿಂದ ಗುರುವಾರದವರೆಗೆ ತೊಟ್ಟಿಲ ಹಾಡಿನ ಜೊತೆಗೆ ಆ ಮಾತನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದ್ದೆ.

ನನಗೆ ಬೇಕಾದದ್ದು ಸಿಕ್ಕಿತು. ಆ ವರ್ಷ ಕಂಪೌಂಡಿನಲ್ಲಿ ಎಲ್ಲರ ಜೊತೆ ಗರ್ಬಾ ಕಲಿತೆ. ಸುತ್ತು ತಿರುಗುವಾಗ ಒಂದು ಸಲ ಮೇಲೆ ನೋಡಿದರೆ ಅವ್ವ ಗ್ಯಾಲರಿಯ ಸರಳು ಹಿಡಿದು ನಿಂತಿದ್ದಳು, ಮನೆಯಲ್ಲುಡುವ ಹಳೆಯ ಸೀರೆಯಲ್ಲಿ. ನನ್ನ ಹೆಜ್ಜೆ ತಪ್ಪಿತು. ಆಮೇಲೆ ನಾನು ಮೇಲೆ ನೋಡುವುದನ್ನೇ ಬಿಟ್ಟೆ. ಐದು ಗಂಟೆಯದನ್ನು ಅವಳು ನಮ್ಮ ಜೊತೆ ಕೂತು ನೋಡುತ್ತಿದ್ದಳು, ದನಿ ಬೇಕಾದಷ್ಟು ಜೋರಾಗಿಟ್ಟುಕೊಂಡು. ಗಿಳಿಯ ಮಾತಿಗೆ ನಗುತ್ತಲೂ ಇದ್ದಳು. ನನಗೆ ಆ ಕಾರ್ಯಕ್ರಮ ಸಾಕಾಗಿಹೋಗಿತ್ತು, ಆದರೂ ಎದ್ದು ಹೋಗಲು ಧೈರ್ಯವಿರಲಿಲ್ಲ.

ಎರಡು ವರ್ಷದ ಮೇಲೆ ಅಪ್ಪನಿಗೆ ವಡೋದರಾದಲ್ಲಿ ಕೆಲಸ ಸಿಕ್ಕಿತು, ನಾವು ಅಲ್ಲಿಗೆ ಹೋದೆವು. ಅವ್ವ ಮತ್ತೆಲ್ಲೂ ಕೆಲಸಕ್ಕೆ ಸೇರಲಿಲ್ಲ. ಅದಕ್ಕೆ ನಾನು ಮನಸ್ಸಿನಲ್ಲಿ ಅಪ್ಪನನ್ನು ದೂರುತ್ತಾ ಬಂದೆ. ಕಾಲೇಜಿನಲ್ಲಿ ಅವರ ಮೇಲೆ ರೇಗಿದಾಗಲೆಲ್ಲ ಒಳಗೆ ಇದೇ ಇರುತ್ತಿತ್ತು. ಅವರನ್ನು ದೂರುವುದು ನನಗೆ ಅನುಕೂಲವಾಗಿತ್ತು.

ಈಗ ನಾನಿರುವುದು ಅಹಮದಾಬಾದಿನಲ್ಲಿ. ಸೂರತ್ತಿನ ಶಾಲೆಯ ಗೆಳತಿಯರ ಗುಂಪೊಂದು ಫೋನಿನಲ್ಲಿದೆ. ಈಚೆಗೆ ಅಲ್ಲಿ ಯಾರೋ ಐದು ಗಂಟೆಯದರ ಶೀರ್ಷಿಕೆಯ ಹಾಡನ್ನು ಹುಡುಕಿ ಹಾಕಿದ್ದರು. ಎಂಥ ದಿನಗಳು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಒಬ್ಬಳು, "ಮಮ್ಮಿ ಬೀಗ ಹಾಕಿದ್ದಾರೆ ಅಂದಿದ್ದು ನೀನೇ ಅಲ್ವಾ," ಎಂದು ಸಾಲಾಗಿ ನಗುವ ಮುಖಗಳನ್ನು ಹಾಕಿದಳು. ನಾನೂ ಒಂದು ನಗುವ ಮುಖ ಹಾಕಿದೆ. ಆಮೇಲೆ ಆ ಭಾನುವಾರ ವಡೋದರಾಕ್ಕೆ ಹೋದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಅವ್ವಾ, ಅವತ್ತು ಟೀವಿಯಲ್ಲಿ ಬಾಯಿ ತಪ್ಪಿ ಬಂದದ್ದಲ್ಲ. ಬೇಕಂತಲೇ ಹೇಳಿದ್ದೆ," ಎಂದೆ.

"ಗೊತ್ತದ," ಎಂದಳು. ಕೈ ನಿಲ್ಲಿಸಲಿಲ್ಲ. "ಅಷ್ಟು ಮಂದಿ ಟೀಚರ್ಸ್ ನಡುವ ಕೂತು ಕೇಳಿದೆ. ನಿನ್ನ ದನಿ ಒಂಚೂರೂ ನಡಗಲಿಲ್ಲ."

"ಮತ್ತೆ ಇಷ್ಟು ದಿನ ನನಗೆ ಯಾಕೆ ಏನೂ ಅನ್ನಲಿಲ್ಲ? ಅಪ್ಪ ಕೆಲಸ ಬಿಡಿಸಿದ್ದು ನನ್ನಿಂದಲೇ."

"ನಿಮ್ಮಪ್ಪ ಬಿಡಸಲಿಲ್ಲ. ಒಂದು ವಾರದಾಗ ಸಿಟ್ಟು ಇಳಿದಿತ್ತು. ಮಾಸಿ ಬಂದಮ್ಯಾಲೆ ಹೋಗು ಅಂದ್ರು. ಮಾಸಿ ಬಂದ್ರು, ಶಾಲಿಯವರೂ ಕರದ್ರು. ನಾನ ಹೋಗಲಿಲ್ಲ."

"ಯಾಕೆ?"

ಅವ್ವ ದಂಟನ್ನೆಲ್ಲ ಒಂದು ಕಡೆ ಸರಿಸಿದಳು. "ಊರಿಗೆಲ್ಲಾ ಹೇಳಿದಿ. ಬ್ಯಾಡ ಅಂತ ನನಗ ಒಂದು ಸಲನೂ ಹೇಳಿರಲಿಲ್ಲ. ಹೇಳಲಿಕ್ಕೂ ಆಗದಂಥಾಕಿ ಆಗಿದ್ನೇನು ನಾ ನಿನಗ ಅಂತ ಅನಸ್ತು."

ಆ ದಿನಗಳಲ್ಲಿ ಸಂಜೆ ಬೀಗ ತೆಗೆದು ಒಳಗೆ ಬಂದ ಕೂಡಲೇ ಅವ್ವ ಚಪ್ಪಲಿಯನ್ನೂ ಕಳಚದೆ "ಛಲೋ ಇದ್ರೇನು?" ಎಂದು ಕೇಳುತ್ತಿದ್ದಳು. ನಾನು ದಿನಾ "ಹೂಂ" ಎನ್ನುತ್ತಿದ್ದೆ.