ಬಿಸಿ ಎಂಜಿನ್ನಿಗೆ ಸಹಿ ಹಾಕದವಳು

ಸ್ಥಾವರದ ಕೆಲಸಗಾರರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಥರ್ಮಾಮೀಟರ್ ಅಕ್ಕ ಎಂದು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ನೋಡಿದಳಂತೆ, ಅದಕ್ಕೆ. ಹೆಸರಿಟ್ಟವನು ಡೀಸೆಲ್ ಶೆಡ್ಡಿನ ಮೇಸ್ತ್ರಿ. ಇಟ್ಟಿದ್ದು ಸಿಟ್ಟಿನಲ್ಲಿ. ಈಗ ಆ ಹೆಸರನ್ನು ಅವನು ಹೇಳುವ ರೀತಿಯೇ ಬೇರೆ.

ಆಕೆಯ ಕೆಲಸ ಅಣುವಿದ್ಯುತ್ ಸ್ಥಾವರದ ಸುರಕ್ಷತೆ ನೋಡುವುದು. ಸಂಬಳ ಸರ್ಕಾರದ್ದು. ಮಿಕ್ಕಿದ್ದೆಲ್ಲ ಸ್ಥಾವರದ್ದು. ಕೂರುವ ಕೋಣೆ ಅವರದು, ಕುರ್ಚಿ ಅವರದು, ಓಡಾಡುವ ಜೀಪು ಅವರದು. ಆಕೆಯ ಮೇಲಧಿಕಾರಿ ಮತ್ತು ಕರೆಂಟು ಮಾರುವವರ ಮೇಲಧಿಕಾರಿ ಒಂದೇ ಸಚಿವಾಲಯದ ಒಂದೇ ಮಹಡಿಯಲ್ಲಿ ಕೂರುತ್ತಿದ್ದರು. ಪರೀಕ್ಷೆ ಬರೆದವನ ಅಪ್ಪನೇ ಉತ್ತರಪತ್ರಿಕೆ ತಿದ್ದುವ ಏರ್ಪಾಡು. ಇದಕ್ಕೆ ನಾಚಿಕೆಗೇಡು ಎನ್ನುವುದು ಸರಿಯಾದ ಪದ. ಕಡತದಲ್ಲಿ ಅದನ್ನು 'ಸಮನ್ವಯ' ಎಂದು ಬರೆಯುತ್ತಿದ್ದರು.

ಟೀ ಒಂದನ್ನು ಮಾತ್ರ ಆಕೆ ಅಲ್ಲಿ ಮುಟ್ಟುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕು ತರುತ್ತಿದ್ದಳು. ಮೇಸ್ತ್ರಿ ತಿಂಗಳು ತಪ್ಪದೆ ಕೇಳುತ್ತಿದ್ದ.

"ಅಕ್ಕಾ, ಒಂದು ಟೀ?"

"ರಿಟೈರ್ ಆದ ದಿನ ಕುಡೀತೀನಿ ಬಿಡಪ್ಪಾ."

"ಅಷ್ಟೊತ್ತಿಗೆ ಹಾಲು ಒಡೆದಿರುತ್ತೆ."

ಅಣುಸ್ಥಾವರ ಅಡುಗೆಮನೆಯ ಗ್ಯಾಸ್ ಒಲೆಯಲ್ಲ, ಕಿವಿ ಹಿಂಡಿದ ಕೂಡಲೇ ತಣ್ಣಗಾಗಲು. ನಿಲ್ಲಿಸಿದ ಮೇಲೂ ಒಳಗಿನ ಇಂಧನ ದಿನಗಟ್ಟಲೆ ಕುದಿಯುತ್ತಲೇ ಇರುತ್ತದೆ, ಅದರ ಸುತ್ತ ನೀರು ಹರಿಯುತ್ತಲೇ ಇರಬೇಕು. ನೀರು ಹರಿಸುವ ಪಂಪಿಗೆ ಕರೆಂಟು ಬೇಕು. ಹೊರಗಿನ ಕರೆಂಟು ಕೈಕೊಟ್ಟರೆ, ಶೆಡ್ಡಿನಲ್ಲಿ ಮಲಗಿರುವ ಡೀಸೆಲ್ ಎಂಜಿನ್ ಹತ್ತು ಸೆಕೆಂಡಿನೊಳಗೆ ಎದ್ದು ದುಡಿಯಬೇಕು. ತಿಂಗಳಿಗೊಮ್ಮೆ ಆಕೆಯ ಎದುರು ಅದನ್ನು ಎಬ್ಬಿಸಿ ತೋರಿಸುತ್ತಿದ್ದರು, ಆಕೆ ಸಹಿ ಹಾಕುತ್ತಿದ್ದಳು. ತಪಾಸಣೆಗೆ ಬರುತ್ತೇವೆಂದು ಮೂರು ದಿನ ಮುಂಚೆ ಕಾಗದ ಬರೆಯುವುದು ನಿಯಮ. ಆರು ವರ್ಷದಲ್ಲಿ ಎಂಜಿನ್ ಒಮ್ಮೆಯೂ ತಪ್ಪಲಿಲ್ಲ. ಎಂಟು ಸೆಕೆಂಡು, ಎಂಟೂವರೆ, ಮತ್ತೆ ಎಂಟು.

ಒಂದು ದಿನ ಪರೀಕ್ಷೆಗೆ ಮುಂಚೆ ಆಕೆಯ ಬೂಟಿನ ದಾರ ಬಿಚ್ಚಿತು. ಕಟ್ಟಿಕೊಳ್ಳಲು ಬಗ್ಗಿ, ಆಸರೆಗೆ ಎಂಜಿನ್ನಿನ ಮೇಲೆ ಕೈ ಊರಿದಳು. ಕೈ ಅಲ್ಲೇ ನಿಂತಿತು.

"ಮೇಸ್ತ್ರಿ, ಇದು ಬೆಚ್ಚಗಿದೆಯಲ್ಲ?"

"ಇರಲ್ವಾ ಮತ್ತೆ? ಬೆಳಗ್ಗೆನೇ ಒಂದು ಗಂಟೆ ಓಡಿಸಿಟ್ಟಿದೀನಿ. ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ?"

"ಪ್ರತಿ ಸಲಾನೂ?"

"ಪ್ರತಿ ಸಲಾನೂ! ನಿಮ್ಮ ಕಾಗದ ಬಂದ ದಿನ ಎಣ್ಣೆ, ನೀವು ಬರೋ ದಿನ ಬಿಸಿ. ತಣ್ಣಗೆ ಮಲಗಿರೋದನ್ನ ಒದ್ದು ಎಬ್ಬಿಸಿದ್ರೆ ಸವೆದು ಹೋಗುತ್ತೆ ಅಕ್ಕಾ, ಪಾಪ."

ಅವನು ಕಳ್ಳನಲ್ಲ. ಕಳ್ಳನಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಎಂಜಿನ್ನನ್ನು ಸಾಕಿದ ಮಗಳಂತೆ ಪ್ರೀತಿಸಿದ್ದ, ಆ ಪ್ರೀತಿಯೇ ಪರೀಕ್ಷೆಯನ್ನು ಸುಳ್ಳು ಮಾಡಿತ್ತು. ಆಕೆ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡಳು. ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಥರ್ಮಾಮೀಟರ್ ಎಂಬ ಹೆಸರು ಹುಟ್ಟಿದ್ದು ಆ ಸಂಜೆಯೇ.

ಮೇಲಧಿಕಾರಿ ಫೋನಿನಲ್ಲಿ ಹಾರಾಡಿದರು. "ಬಿಸಿಯೋ ತಣ್ಣಗೋ, ಎದ್ದೇಳುತ್ತಲ್ಲಮ್ಮಾ! ತಣ್ಣಗಿರಬೇಕು ಅಂತ ನಿಯಮದಲ್ಲಿ ಎಲ್ಲಿದೆ?" ನಿಜ, ಎಲ್ಲೂ ಇರಲಿಲ್ಲ. "ನಾಳೆ ಸಹಿ ಹಾಕು. ಇಲ್ಲಾಂದ್ರೆ ಸಹಿ ಹಾಕೋರನ್ನ ಆ ಕುರ್ಚಿಗೆ ತರ್ತೀನಿ."

ಮನೆಯಲ್ಲಿ ಇದ್ದವರು ಇಬ್ಬರು, ಆಕೆ ಮತ್ತು ಅತ್ತೆ. ಗಂಡ ತೀರಿಹೋದ ಮೇಲೂ ಇವರಿಬ್ಬರ ಜಗಳ ನಿಲ್ಲಲಿಲ್ಲ, ಆದ್ದರಿಂದ ಸಂಸಾರವೂ ನಿಲ್ಲಲಿಲ್ಲ. ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದರು.

"ಸಹಿ ಹಾಕದಿದ್ರೆ ನನ್ನ ಕೆಲಸಕ್ಕೆ ಕುತ್ತು ಅತ್ತೆ."

"ಹಾಕಿದ್ರೆ?"

"ಹಾಕಿದ್ರೆ ಏನೂ ಇಲ್ಲ. ಎಲ್ಲ ಹಿಂದಿನ ಹಾಗೇ."

ಅತ್ತೆ ಇನ್ನೊಂದು ಸಿಪ್ಪೆ ಸೀಳಿದರು. "ಅಲ್ಲ ಕಣೇ, ತಿಳೀದೆ ಕೇಳ್ತೀನಿ. ಆ ಕರೆಂಟು ಹೋಗುತ್ತೆ ಅಂತೀಯಲ್ಲ, ಅದೇನು ಮೂರು ದಿನ ಮುಂಚೆ ಕಾಗದ ಹಾಕಿ ಹೋಗುತ್ತಾ?"

ಮರುದಿನ ಆಕೆ ಬರೆದ ವರದಿಯ ಕೊನೆಯ ಸಾಲು ಅದೇ, ಹೆಚ್ಚುಕಮ್ಮಿ ಅದೇ ಮಾತಿನಲ್ಲಿ. ಸಹಿ ಹಾಕಿದ್ದು ಆ ವರದಿಗೆ ಮಾತ್ರ.

ವಾರದೊಳಗೆ ಆಕೆಯನ್ನು ಪ್ರಧಾನ ಕಚೇರಿಯ ಹಳೇ ಕಡತಗಳ ಕೋಣೆಗೆ ಹಾಕಿದರು. ಆ ಕುರ್ಚಿಗೆ ಬಂದವನು ಕಣ್ಣುಮುಚ್ಚಿ ಸಹಿ ಹಾಕಿದ. ಎಂಟು ಸೆಕೆಂಡು, ಎಂಟೂವರೆ. ಹದಿನಾಲ್ಕು ತಿಂಗಳು ಇಡೀ ಊರು, ಕಾಯಿಸಿಟ್ಟ ಎಂಜಿನ್ನೊಂದರ ನೆಚ್ಚಿಗೆಯಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯಿತು. ಆ ಗೊರಕೆಯಲ್ಲಿ ನಮ್ಮದೂ ಸೇರಿತ್ತು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದಲ್ಲ, ಅಷ್ಟಾದರೆ ನಾವು ಯಾರನ್ನೂ ಏನೂ ಕೇಳುವವರಲ್ಲ.

ಇಲಿಗೆ ಶಿಕ್ಷೆ ಕೊಡುತ್ತೇವೆಂದು ಅದನ್ನು ಒಯ್ದು ಕಣಜದೊಳಗೆ ಕೂಡಿಹಾಕಿದ ಜಾಣರು ಆಕೆಯ ಮೇಲಧಿಕಾರಿಗಳು. ಸುರಕ್ಷತಾ ಕಾನೂನು ತಿದ್ದಲು ಕೂತ ಶಾಸಕರ ಸಮಿತಿ ಆ ವರ್ಷವೇ ಹಳೆಯ ತಪಾಸಣಾ ವರದಿಗಳನ್ನೆಲ್ಲ ಕೇಳಿತು. ಕಡತ ಕಳಿಸುವ ಕೆಲಸ ಯಾರದು? ಆಕೆಯದು. ತನ್ನದನ್ನು ಮೇಲಕ್ಕೂ ಇಡಲಿಲ್ಲ, ಕೆಳಕ್ಕೂ ತಳ್ಳಲಿಲ್ಲ, ತಾರೀಖಿನ ಪ್ರಕಾರ ಜೋಡಿಸಿ ಕಳಿಸಿದಳು. ಅತ್ತೆಯ ಪ್ರಶ್ನೆಯನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದಾಗ ಅಧ್ಯಕ್ಷರು ಅದನ್ನೇ ಇನ್ನೊಮ್ಮೆ ಓದಿಸಿದರಂತೆ.

ಕಾನೂನು ಬದಲಾಯಿತು. ತಪಾಸಣಾ ಕಚೇರಿ ಆ ಸಚಿವಾಲಯದಿಂದ ಹೊರಬಂತು. ಸ್ಥಾವರದ ಎದುರು ರಸ್ತೆಯಾಚೆ ಅದಕ್ಕೆ ಸ್ವಂತ ಕಟ್ಟಡ, ಸ್ವಂತ ಜೀಪು. ಕಾಗದ ಬರೆಯುವುದು ನಿಂತಿತು. ಎಂಜಿನ್ ತಣ್ಣಗಿರಬೇಕು ಎಂದು ನಿಯಮದಲ್ಲೇ ಸೇರಿತು. ಆಕೆಗೆ ಹಳೆಯ ಕೆಲಸ ಮರಳಿ ಸಿಕ್ಕಿತು.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಶೆಡ್ಡಿನ ಬಾಗಿಲಲ್ಲಿ ನಿಂತಳು. ಮೇಸ್ತ್ರಿಯ ಬಾಯಿತುಂಬ ಬ್ರೆಡ್ಡು.

"ಕಾಗದಾನೇ ಬಂದಿಲ್ವಲ್ಲ!"

"ನಾನೇ ಬಂದಿದೀನಲ್ಲ." ಎಂಜಿನ್ನಿನ ಮೇಲೆ ಕೈ ಇಟ್ಟಳು. ತಣ್ಣಗಿತ್ತು. "ಎಬ್ಬಿಸು."

ಎಂಜಿನ್ ಕೆಮ್ಮಿತು, ನಡುಗಿತು, ಹೊಗೆ ಕಾರಿತು. ಹತ್ತಾಯಿತು, ಹದಿನಾಲ್ಕಾಯಿತು. ಎದ್ದು ನಿಲ್ಲುವಷ್ಟರಲ್ಲಿ ಹತ್ತೊಂಬತ್ತು. ಮೇಸ್ತ್ರಿ ಬ್ರೆಡ್ಡನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎಂಜಿನ್ ಆರಿಸಿ ಬಂದು ಕೇಳಿದ, "ಇದರ ಕಾಯಿಲೇನ ಇಷ್ಟು ವರ್ಷ ನಾನೇ ಮುಚ್ಚಿಟ್ಟಿದ್ನಾ ಅಕ್ಕಾ?"

"ಮುಚ್ಚಿಟ್ಟಿದ್ದು ನನ್ನ ಸಹೀನೂ ಹೌದು. ಬಿಚ್ಚಿ ನೋಡು ಈಗ."

ಹತ್ತೊಂಬತ್ತು ಎಂದು ಬರೆದಳು. ಎಂಜಿನ್ ಸರಿಯಾಗುವ ತನಕ ಸ್ಥಾವರವನ್ನೇ ನಿಲ್ಲಿಸಬೇಕಾಯಿತು. ಈ ಸಲ ಯಾರೂ ಫೋನು ಮಾಡಿ ಗದರಲಿಲ್ಲ, ಗದರುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ. ಎಂಜಿನ್ನನ್ನು ತಿರುಗಿಸಲು ಗಾಳಿ ನುಗ್ಗಿಸುವ ಒಂದು ಕವಾಟ ಚಳಿಗೆ ಕಚ್ಚಿಕೊಳ್ಳುತ್ತಿತ್ತು, ಬಿಸಿಗೆ ಸಡಿಲವಾಗುತ್ತಿತ್ತು. ಮೇಸ್ತ್ರಿ ಹನ್ನೊಂದು ದಿನ ಮನೆಮಠ ಮರೆತು ಅದನ್ನು ಸರಿಮಾಡಿದ. ಆಮೇಲೆ ತಣ್ಣಗಿದ್ದೇ ಒಂಬತ್ತು ಸೆಕೆಂಡಿಗೆ ಎದ್ದಿತು. ಅಂದಿನಿಂದ ಬೆಳಗ್ಗೆ ಶೆಡ್ಡಿಗೆ ಬಂದವನೇ ಎಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ, ಯಾರಾದರೂ ಕಾಯಿಸಿದರೋ ಎಂದು. ಹೊಸಬರಿಗೆ ಹೇಳುತ್ತಾನೆ: "ಇದು ಥರ್ಮಾಮೀಟರ್ ಅಕ್ಕ ಕಲಿಸಿದ್ದು."

ಕಳೆದ ತಿಂಗಳು ನಿವೃತ್ತಿಯ ದಿನವೂ ಆಕೆ ಹೇಳದೆ ಕೇಳದೆ ಶೆಡ್ಡಿಗೆ ಬಂದಳು. ಒಂಬತ್ತು ಸೆಕೆಂಡು. ಕೊನೆಯ ಸಹಿ ಹಾಕಿ ಪೆನ್ನನ್ನು ಮುಚ್ಚಿದಳು. ಮೇಸ್ತ್ರಿ ಓಡಿಹೋಗಿ ಲೋಟ ಹಿಡಿದು ಬಂದ.

"ಮಾತು ಕೊಟ್ಟಿದ್ರಿ ಅಕ್ಕಾ. ಟೀ."

ಆಕೆ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇದೇನೋ, ತಣ್ಣಗೆ ಕೊರೀತಿದೆ!"

"ಮುಂಚೆ ಹೇಳಿ ಬಂದಿದ್ರೆ ಬಿಸಿ ಮಾಡಿಟ್ಟಿರ್ತಿದ್ದೆ."

ಆಕೆ ಒಂದು ಹನಿ ಬಿಡದೆ ಕುಡಿದಳು.